ಆಲ್ಬಿನೋ ಪ್ರಾಣಿಗಳಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ?

ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದೇ ಜಾತಿಯ ಇತರ ಪ್ರಾಣಿಗಳಷ್ಟು ಸ್ಪಷ್ಟವಾಗಿ ಅಲ್ಲ.

ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಹುಟ್ಟಿನಿಂದಲೇ ಇಲ್ಲದ ಪ್ರಾಣಿಗಳೇ ಆಲ್ಬಿನೋ. ಕಣ್ಣಿನೊಳಗಿನ ಮೆಲನಿನ್ ಹೆಚ್ಚುವರಿ ಬೆಳಕನ್ನು ಹೀರಿಕೊಳ್ಳುತ್ತದೆ. ಅದಿಲ್ಲದಿದ್ದರೆ ಬೆಳಕು ಐರಿಸ್ (ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಉಂಗುರ) ಮೂಲಕವೂ ಒಳನುಗ್ಗಿ ಚದುರುತ್ತದೆ. ಹಗಲಿನಲ್ಲಿ ಕಣ್ಣು ಕುಕ್ಕುತ್ತದೆ. ಆಲ್ಬಿನೋ ಇಲಿಗಳನ್ನು ಪ್ರಖರ ಬೆಳಕಿನಲ್ಲಿ ಬಹುಕಾಲ ಇರಿಸಿದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾವೇ ಹಾಳಾಗುತ್ತದೆ. ಇಂಥ ಪ್ರಾಣಿಯನ್ನು ಸಾಕಿದವರು ಗೂಡಿನಲ್ಲಿ ಕತ್ತಲ ಮೂಲೆಯೊಂದನ್ನು ಒದಗಿಸಲೇಬೇಕು.

ಆದರೆ ನೆರಳು ಕೊಟ್ಟರೂ ಸರಿಹೋಗದ ತೊಂದರೆಯೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಭ್ರೂಣದಲ್ಲಿ ಕಣ್ಣಿನಿಂದ ಮಿದುಳಿಗೆ ನರತಂತುಗಳು ಬೆಳೆಯುವಾಗ ಕೆಲವು ಅದೇ ಬದಿಗೆ, ಉಳಿದವು ಎದುರು ಬದಿಗೆ ಹೋಗಬೇಕು. ಆಲ್ಬಿನೋ ಸಸ್ತನಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ತಂತುಗಳು ಎದುರು ಬದಿಗೆ ದಾಟಿಬಿಡುತ್ತವೆ. ಹಾಗಾಗಿ ಎರಡೂ ಕಣ್ಣುಗಳ ನೋಟ ಸರಿಯಾಗಿ ಕೂಡುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ. ಭಾಗಶಃ ಆಲ್ಬಿನಿಸಂ ಇರುವ ಸಯಾಮೀಸ್ ಬೆಕ್ಕುಗಳಲ್ಲಿ ಮೆಳ್ಳೆಗಣ್ಣು ಕಾಣಿಸಿಕೊಳ್ಳುವುದೂ ಈ ದೋಷದಿಂದಲೇ. ಕೆಲವು ಪ್ರಾಣಿಗಳ ಕಣ್ಣುಗುಡ್ಡೆ ನಿಲ್ಲದೆ ಅಲುಗಾಡುತ್ತದೆ. ಆಲ್ಬಿನೋ ಇಲಿ ತಲೆಯನ್ನು ಅತ್ತಿತ್ತ ತೂಗಾಡಿಸುತ್ತಿದ್ದರೆ ಅದು ರೋಗವೆಂದು ಗಾಬರಿಯಾಗಬೇಡಿ. ದೂರ ಅಳೆಯಲು ಅದು ಪ್ರಯತ್ನಿಸುತ್ತಿರಬಹುದು.

ಬಿಳಿಯಾಗಿರುವುದೆಲ್ಲ ಆಲ್ಬಿನೋ ಅಲ್ಲ. ಮೈಬಣ್ಣ ಕಳೆದುಕೊಳ್ಳುವ ಬೇರೊಂದು ಸ್ಥಿತಿಯಾದ ಲ್ಯೂಸಿಸಂನಿಂದ ಬೆಳ್ಳಗಾದ ಪ್ರಾಣಿಗಳ ಕಣ್ಣಿನಲ್ಲಿ ಸಾಮಾನ್ಯವಾಗಿ ಮೆಲನಿನ್ ಇರುತ್ತದೆ, ಆದ್ದರಿಂದ ಅವಕ್ಕೆ ಈ ತೊಂದರೆಗಳಿಲ್ಲ.