ಬಂಡೆ ಹತ್ತಲು ಬಳಸುವ 9.8 ಮಿ.ಮೀ. ಡೈನಾಮಿಕ್ ಹಗ್ಗದಲ್ಲಿ (ತೂಕ ಬಿದ್ದರೆ ಹಿಗ್ಗುವ ಹಗ್ಗ) ಸೆಕೆಂಡ್ ಹ್ಯಾಂಡ್ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿದು, ತೂಕ ಬಿದ್ದಾಗ ಹಲ್ಲಿನಿಂದ ಹಗ್ಗ ಹಿಡಿಯುವ ಸಾಧನ) ಹಾಕಿ ಹತ್ತಬಹುದಾ? ಅದರ ಹಲ್ಲು ಹಗ್ಗ ತಿಂದುಬಿಡುತ್ತಾ? ಇದಕ್ಕಾಗಿ ಬೇರೆ ಹಗ್ಗ ಕೊಳ್ಳಬೇಕಾ?

ಹತ್ತಬಹುದು, ನಾನೂ ಹತ್ತಿದ್ದೇನೆ. ಕೈಹಿಡಿ ಇರುವ ಜುಮಾರ್‌ಗಳು ಸಾಮಾನ್ಯವಾಗಿ 8ರಿಂದ 13 ಮಿ.ಮೀ. ಹಗ್ಗಕ್ಕೆ ಆಗುತ್ತವೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಅಂದಿದ್ದೀರಿ, ಅದರ ಮೈಮೇಲೆ ಏನು ಬರೆದಿದೆ ಅಂತ ಒಮ್ಮೆ ನೋಡಿಕೊಳ್ಳಿ. ಆದರೆ ಹಲ್ಲಿಗಿಂತ ಜಾಸ್ತಿ ಹೆದರಬೇಕಾದ್ದು ಬಂಡೆಯ ಅಂಚಿಗೆ. ನನಗೆ ಇದು ಗೊತ್ತಾಗಿದ್ದು ಒಂದು ಹಗ್ಗ ಕಳೆದುಕೊಂಡ ಮೇಲೆ.

ಬೆಂಗಳೂರಿನಿಂದ ಬೆಳಗ್ಗೆ ಹೊರಟು ರಾಮನಗರಕ್ಕೆ ಹೋಗಿದ್ದೆವು. ಮೇಲೆ ಒಂದು ಮರಕ್ಕೆ ಡೈನಾಮಿಕ್ ಹಗ್ಗವನ್ನೇ ಕಟ್ಟಿ ಕೆಳಗೆ ಬಿಟ್ಟಿದ್ದೆವು. ಮರ ಅಂಚಿನಿಂದ ಏಳೆಂಟು ಮೀಟರ್ ಹಿಂದಿತ್ತು. ನಾನು ಜುಮಾರನ್ನು ಮೇಲಕ್ಕೆ ತಳ್ಳಿ, ಅದಕ್ಕೆ ಕಟ್ಟಿದ್ದ ಕಾಲಿನ ಸ್ಲಿಂಗ್ (ಪಟ್ಟಿಯ ಕುಣಿಕೆ) ಮೇಲೆ ನಿಂತೆ. ನೆಲದ ಮೇಲೇ ಇದ್ದೆ. ಮತ್ತೆ ತಳ್ಳಿದೆ, ಮತ್ತೆ ನಿಂತೆ. ಇನ್ನೂ ನೆಲವೇ. "ಏನ್ ಗುರೂ, ಲಿಫ್ಟ್ ಕೆಟ್ಟಿದ್ಯಾ?" ಅಂದ ಪಕ್ಕದಲ್ಲಿದ್ದ ಗೆಳೆಯ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಸಿಂಗಲ್ (ಒಂಟಿಯಾಗಿ ಬಳಸುವ) ಡೈನಾಮಿಕ್ ಹಗ್ಗ 80 ಕೆ.ಜಿ. ತೂಕಕ್ಕೆ ಶೇ 10ರವರೆಗೆ ಹಿಗ್ಗಬಹುದು ಅಂತ ಯುರೋಪಿನ ಮಾನದಂಡವೇ ಹೇಳುತ್ತದೆ. ಶೇ 8 ಅಂತ ಇಟ್ಟುಕೊಂಡರೂ 30 ಮೀಟರಿಗೆ ಸುಮಾರು 2.4 ಮೀಟರ್ ಆಯಿತು. ಅಷ್ಟು ಎಳೆದ ಮೇಲಷ್ಟೇ ಕಾಲು ನೆಲ ಬಿಡೋದು.

ಆಯಾಸ ಬಿಡಿ, ಅದು ದೊಡ್ಡ ವಿಷಯವಲ್ಲ. ಒಂದೊಂದು ಹೆಜ್ಜೆಗೂ ಹಗ್ಗ ಹಿಗ್ಗಿ ಕುಗ್ಗಿ, ಅಂಚಿನ ಮೇಲೆ ಗರಗಸದ ಹಾಗೆ ಓಡಾಡುತ್ತದೆ. ಅಲ್ಲಿನ ಗ್ರಾನೈಟ್ ಅಂದರೆ ಉಪ್ಪುಕಾಗದವೇ. ಮೇಲೆ ಹೋಗಿ ನೋಡಿದರೆ ಎರಡು ಬೆರಳಗಲ ಹೊರಪದರ ಹತ್ತಿಯ ಹಾಗೆ ಉಬ್ಬಿ, ಒಳಗಿನ ಬಿಳಿ ಎಳೆ ಇಣುಕುತ್ತಿತ್ತು. ನಾನು ಅಷ್ಟೊತ್ತು ನೇತಾಡಿದ್ದು ಅದರ ಮೇಲೆ! ಜುಮಾರ್ ಹಲ್ಲು ಹಾದುಹೋದ ಕಡೆ ಮಾತ್ರ ಸ್ವಲ್ಪ ನೂಲೆದ್ದಿತ್ತು, ಅಷ್ಟೇ.

ಮರದಿಂದ ಅಂಚಿನವರೆಗೆ ಎಷ್ಟು ಹಗ್ಗ ಇದೆಯೋ, ಅಂಚಿನಲ್ಲಿ ಉಜ್ಜಾಟವೂ ಅಷ್ಟು ಜಾಸ್ತಿ. ಹಾಗಾಗಿ ಈಗ ಮರದಿಂದ ಅಂಚು ದಾಟುವವರೆಗೆ ಸ್ಟ್ಯಾಟಿಕ್ ಹಗ್ಗ (ಹೆಚ್ಚು ಹಿಗ್ಗದ್ದು) ಕಟ್ಟಿ, ಆಂಕರ್ (ಹತ್ತುವ ಹಗ್ಗವನ್ನು ಕಟ್ಟುವ ಜಾಗ) ಅಂಚಿನಿಂದ ಕೆಳಗೆ ಬರುವ ಹಾಗೆ ಮಾಡುತ್ತೇವೆ. ಅಂಚಿನ ಮೇಲೆ ಆ ಸ್ಟ್ಯಾಟಿಕ್ ಹಗ್ಗದ ಕೆಳಗೆ ಹಳೇ ಜೀನ್ಸ್ ಪ್ಯಾಂಟಿನ ಕಾಲೊಂದನ್ನು ಮಡಚಿ ಹಾಕುತ್ತೇವೆ. ಗೋಣಿಚೀಲವೂ ಆಗುತ್ತದೆ, ಆದರೆ ಜಾರದ ಹಾಗೆ ಕಟ್ಟಬೇಕು.

ಈಗ ಹಲ್ಲಿನ ವಿಷಯ. ಸುಮ್ನೆ ನೇತಾಡಿದರೆ ನಿಮ್ಮ ತೂಕ ಒಂದು ಕಿಲೋನ್ಯೂಟನ್ (ಸುಮಾರು 100 ಕೆ.ಜಿ. ತೂಕದ ಬಲ) ಆಸುಪಾಸು. ಹಲ್ಲಿನ ಜುಮಾರ್ ಹೊರಪದರ ಹರಿಯೋದು ಸುಮಾರು 4ರಿಂದ 6 ಕಿಲೋನ್ಯೂಟನ್ ಬಿದ್ದಾಗ. ಅಷ್ಟು ಬೀಳೋದು ಸ್ಲ್ಯಾಕ್ (ಸಡಿಲ) ಬಿಟ್ಟುಕೊಂಡು ಜಾರಿದರೆ. ಕೆಳಗಿರುವಾಗ ಉದ್ದದ ಹಗ್ಗ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆಂಕರ್ ಹತ್ತಿರ ಬಂದಾಗ ಹಿಗ್ಗೋಕೆ ಹಗ್ಗವೇ ಉಳಿದಿರಲ್ಲ, ಅಲ್ವಾ? ನಾವು ಮೈಮರೆಯೋದೂ ಅಲ್ಲೇ. ಸೊಂಟದಿಂದ ಜುಮಾರ್‌ಗೆ ಕಟ್ಟಿದ ಸ್ಲಿಂಗ್ ಯಾವಾಗಲೂ ಬಿಗಿಯಾಗಿರಲಿ. ಜುಮಾರ್ ಕೆಳಗಿಟ್ಟು ಆಂಕರ್ ದಾಟಿ ಮೇಲೆ ಹೋಗಲೇಬೇಡಿ.

ಜುಮಾರ್ ಒಂದನ್ನೇ ನಂಬಬೇಡಿ. ಎರಡನೆಯದಿಲ್ಲದಿದ್ದರೆ 6 ಮಿ.ಮೀ. ದಾರದ ಪ್ರೂಸಿಕ್ (ಹಗ್ಗಕ್ಕೆ ಸುತ್ತಿ, ತೂಕ ಬಿದ್ದಾಗ ಬಿಗಿಯುವ ಗಂಟು) ಹಾಕಿ, ಅದನ್ನೂ ಹಾರ್ನೆಸ್‌ಗೆ (ಸೊಂಟ, ತೊಡೆಗೆ ಹಾಕುವ ಪಟ್ಟಿ) ಸೇರಿಸಿ. ಐದಾರು ಮೀಟರಿಗೊಮ್ಮೆ ಕೆಳಗಿನ ಹಗ್ಗದಲ್ಲಿ ಫಿಗರ್ ಎಯ್ಟ್ (ಇಂಗ್ಲಿಷಿನ 8ರ ಆಕಾರದ) ಗಂಟು ಹಾಕಿ, ಲಾಕಿಂಗ್ ಕ್ಯಾರಬಿನರ್‌ನಿಂದ (ಬಾಯಿಗೆ ಬೀಗವಿರುವ ಲೋಹದ ಕೊಂಡಿ) ಹಾರ್ನೆಸ್‌ಗೆ ಸಿಕ್ಕಿಸಿಕೊಳ್ಳಿ. ಹಗ್ಗ ಓರೆಯಾಗಿದ್ದರೆ ಜುಮಾರಿನ ಮೇಲಿನ ತೂತಿಗೆ ಒಂದು ಕ್ಯಾರಬಿನರ್ ಹಾಕಿ ಹಗ್ಗವನ್ನು ಅದರೊಳಗೆ ಹಾಯಿಸಿ, ಆಗ ಹಗ್ಗ ಹೊರಳಿ ಆಚೆ ಬರಲ್ಲ. ಹಲ್ಲಿನಲ್ಲಿ ಮಣ್ಣು ಕೂತರೆ ಹಿಡಿತ ಜಾರುತ್ತದೆ. ನನ್ನ ಬ್ಯಾಗಲ್ಲಿ ಅದಕ್ಕೇ ಒಂದು ಹಳೇ ಟೂತ್‌ಬ್ರಷ್ ಇರುತ್ತದೆ. ಇದನ್ನೆಲ್ಲ ಮೊದಲು ಗೊತ್ತಿರುವವರ ಜೊತೆ, ನೆಲದಿಂದ ಎರಡಡಿ ಮೇಲೆ ಮಾಡಿ ನೋಡಿ.

ಇದಕ್ಕಾಗಿ ಬೇರೆ ಹಗ್ಗ ಕೊಳ್ಳಬೇಕಾ ಅಂತ ಕೇಳಿದ್ದೀರಿ. ವರ್ಷಕ್ಕೆ ಒಂದೆರಡು ಸಲ ಆದರೆ ಬೇಡ. ವಾರವಾರ ಜುಮಾರಿಂಗ್ ಮಾಡೋದಾದರೆ 10.5 ಅಥವಾ 11 ಮಿ.ಮೀ. ಸ್ಟ್ಯಾಟಿಕ್ ತಗೊಳ್ಳಿ, ಡೈನಾಮಿಕ್ ಹಗ್ಗವನ್ನು ಲೀಡ್ ಮಾಡೋಕೆ (ಮೇಲಿಂದ ಹಗ್ಗವಿಲ್ಲದೆ ಮೊದಲಿಗರಾಗಿ ಹತ್ತೋಕೆ) ಉಳಿಸಿಕೊಳ್ಳಿ. ಆ ಸ್ಟ್ಯಾಟಿಕ್‌ನಲ್ಲಿ ಮಾತ್ರ ಯಾವತ್ತೂ ಲೀಡ್ ಮಾಡಬೇಡಿ.