ಇಂಗ್ಲೆಂಡಿನಲ್ಲಿ ಲೆಟಿಂಗ್ ಏಜೆನ್ಸಿ ಡೆಪಾಸಿಟ್ ಕೊಡದೆ ಸತಾಯಿಸುತ್ತಿದೆ, ಮುಂದಿನ ತಿಂಗಳು ಊರಿಗೆ ಹೊರಡಬೇಕು. ಏನು ಮಾಡಲಿ?

ನಮಸ್ಕಾರ. ನೀವು ಬರೆದಿರುವುದು ಇಷ್ಟು: ಲೆಸ್ಟರ್‌ನಲ್ಲಿ ಎರಡು ವರ್ಷ ಒಬ್ಬರೇ ಇದ್ದ ಫ್ಲಾಟ್ ಖಾಲಿ ಮಾಡಿದ್ದೀರಿ. ಬಾಡಿಗೆ ತಿಂಗಳಿಗೆ 950 ಪೌಂಡ್, ಡೆಪಾಸಿಟ್ 1,150 ಪೌಂಡ್. ಅದರಲ್ಲಿ 780 ಪೌಂಡ್ ಹಿಡಿದುಕೊಳ್ಳುತ್ತೇವೆ ಅಂತ ಮಾಲೀಕರ ಪರವಾಗಿ ಮನೆ ಬಾಡಿಗೆಗೆ ಕೊಡುವ ಲೆಟಿಂಗ್ ಏಜೆನ್ಸಿ ಇಮೇಲ್ ಹಾಕಿದೆ. ಕ್ಲೀನಿಂಗಿಗೆ 240, ಪೇಂಟಿಗೆ 280, ಕಾರ್ಪೆಟ್ಟಿಗೆ 260. ಫೋನ್ ಮಾಡಿದರೆ ಮಾಲೀಕರನ್ನು ಕೇಳಿ ಹೇಳುತ್ತೇವೆ ಅನ್ನುತ್ತಾರೆ. ಮುಂದಿನ ತಿಂಗಳು ಮೈಸೂರಿಗೆ ವಾಪಸ್ ಹೋಗಬೇಕು, ಕೊಟ್ಟಷ್ಟು ತಗೊಂಡು ಸುಮ್ಮನಾಗಲಾ ಅಂತ ಕೇಳಿದ್ದೀರಿ.

ಸುಮ್ಮನಾಗಬೇಡಿ. ನಿಮ್ಮ ದುಡ್ಡು ಅದು. ಊರಿಗೆ ಹೋದ ಮೇಲೂ ಈ ಕೆಲಸ ಪೂರ್ತಿ ಆನ್‌ಲೈನಿನಲ್ಲೇ ನಡೆಯುತ್ತದೆ. ಮೈಸೂರಿನಲ್ಲಿ ಕೂತೇ ಮುಗಿಸಬಹುದು.

ಇಲ್ಲಿಗೆ ಬಂದ ನಮ್ಮವರು ಡೆಪಾಸಿಟ್ ವಿಷಯದಲ್ಲಿ ಬೇಗ ಕೈಚೆಲ್ಲುವುದನ್ನು ತುಂಬಾ ನೋಡಿದ್ದೇನೆ. ಬೆಂಗಳೂರಿನ ಅಭ್ಯಾಸ ನಮಗೆ ಹಾಗೆ ಕೂತುಬಿಟ್ಟಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರುತ್ತೇವೆ. ಬಿಡುವಾಗ ಪೇಂಟಿಂಗ್ ಅಂತ ಓನರ್ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಉಳಿದದ್ದಾದರೂ ಬಂತಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಡೆಪಾಸಿಟ್ಟಿನಿಂದ ಒಂದು ಪೌಂಡ್ ಹಿಡಿಯಬೇಕಾದರೂ ಯಾಕೆ ಅಂತ ಸಾಬೀತು ಮಾಡುವ ಹೊಣೆ ಏಜೆನ್ಸಿಯದು. ನೀವು ಹಾಳು ಮಾಡಿಲ್ಲ ಅಂತ ನೀವು ತೋರಿಸಬೇಕಾಗಿಲ್ಲ. ಹಾಳಾಗಿದೆ, ಅದು ನಿಮ್ಮಿಂದಲೇ ಆಗಿದೆ, ಸರಿ ಮಾಡಲು ಇಷ್ಟು ಖರ್ಚಾಗುತ್ತದೆ ಅಂತ ಅವರು ತೋರಿಸಬೇಕು. ನಿಮ್ಮ ಪತ್ರಗಳೆಲ್ಲ ಈ ಮಾತಿನ ಮೇಲೇ ನಿಲ್ಲಲಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಡೆಪಾಸಿಟ್ ಎಲ್ಲಿದೆ ಅಂತ ಪತ್ತೆ ಮಾಡಿ. 2007ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇಂಥ ಬಾಡಿಗೆಯ ಡೆಪಾಸಿಟ್ಟನ್ನು ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ನೋಂದಾಯಿಸಲೇಬೇಕು. ಇರುವುದು ಮೂರು: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಮೂರೂ ವೆಬ್‌ಸೈಟುಗಳಲ್ಲಿ ಹುಡುಕುವ ಸೌಲಭ್ಯ ಇದೆ. ಪೋಸ್ಟ್‌ಕೋಡ್, ನಿಮ್ಮ ಸರ್‌ನೇಮ್, ಬಾಡಿಗೆ ಶುರುವಾದ ತಾರೀಖು, ಮೊತ್ತ ಇಷ್ಟು ಹಾಕಿದರೆ ಗೊತ್ತಾಗುತ್ತದೆ. ನಮ್ಮವರ ಹೆಸರಿನಲ್ಲಿ ಒಂದು ತೊಡಕು ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ, ಏಜೆನ್ಸಿಯವರು ಇನ್ನೊಂದನ್ನು ಹಾಕಿರುತ್ತಾರೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದನ್ನೂ ಹಾಕಿ ನೋಡಿ. ಆಮೇಲೂ ಸಿಗದಿದ್ದರೆ ಸ್ಕೀಮಿನವರಿಗೇ ಬರೆದು ಕೇಳಿ.

ಸಿಕ್ಕಿದರೆ ಸರ್ಟಿಫಿಕೇಟಿನ ತಾರೀಖು ನೋಡಿ. ನೀವು ದುಡ್ಡು ಕೊಟ್ಟ 30 ದಿನದೊಳಗೆ ನೋಂದಣಿ ಆಗಿರಬೇಕು. ಯಾವ ಸ್ಕೀಮು, ತಕರಾರು ಬಂದರೆ ಏನು ಮಾಡಬೇಕು ಅನ್ನುವ ವಿವರವನ್ನೂ ಅಷ್ಟರೊಳಗೆ ನಿಮಗೆ ಬರಹದಲ್ಲಿ ಕೊಟ್ಟಿರಬೇಕು. ತಡವಾಗಿ ಮಾಡಿದ್ದರೂ ಅದು ತಪ್ಪೇ. ಹಾಗಿದ್ದರೆ ಕೌಂಟಿ ಕೋರ್ಟಿಗೆ ಹೋಗಿ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡವನ್ನು ನಿಮಗೇ ಕೊಡಿಸಿ ಅಂತ ಕೇಳಬಹುದು. 2004ರ ಹೌಸಿಂಗ್ ಆಕ್ಟಿನ 214ನೇ ಸೆಕ್ಷನ್ನು ಇದು. ಮಾಲೀಕರ ಜೊತೆಗೆ ಏಜೆನ್ಸಿಯನ್ನೂ ಹೊಣೆ ಮಾಡಬಹುದು. ನೋಂದಣಿ ಆಗಿಯೇ ಇಲ್ಲ ಅಂತಾದರೆ ಈ ಸೆಕ್ಷನ್ ಹೆಸರು ಹಾಕಿ, 14 ದಿನದ ಗಡುವು ಕೊಟ್ಟು ಒಂದು ಪತ್ರ ಬರೆಯಿರಿ. ಎಷ್ಟೋ ಸಲ ಅದರಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ ಕೋರ್ಟಿಗೆ ಹೋಗುವ ಮುಂಚೆ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯವರ ಹತ್ತಿರ ಮಾತಾಡಿ, ಅವರ ಸಲಹೆಗೆ ದುಡ್ಡಿಲ್ಲ. ಈ ದಂಡದ ಅರ್ಜಿಯ ದಾರಿ ಮಾಮೂಲಿ ಆನ್‌ಲೈನ್ ಸ್ಮಾಲ್ ಕ್ಲೇಮಿನದಲ್ಲ (ಚಿಕ್ಕ ಮೊತ್ತದ ದಾವೆಗೆ ಕೋರ್ಟಿನ ಸರಳ ದಾರಿ ಅದು). ಕೇಳಿಕೊಂಡು ಹೋಗುವುದೇ ಒಳ್ಳೆಯದು.

ನಿಮ್ಮ ಲೆಕ್ಕದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬೇರೆಯೇ. 2019ರ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. 950ನ್ನು 12ರಿಂದ ಗುಣಿಸಿ, 52ರಿಂದ ಭಾಗಿಸಿದರೆ ವಾರಕ್ಕೆ 219 ಪೌಂಡ್ 23 ಪೆನ್ಸ್. ಐದು ವಾರಕ್ಕೆ 1,096 ಚಿಲ್ಲರೆ. ನಿಮ್ಮ ಹತ್ತಿರ ತಗೊಂಡದ್ದು 1,150. ಶುರುವಿನಿಂದಲೂ ಬಾಡಿಗೆ ಇಷ್ಟೇ ಇದ್ದಿದ್ದರೆ ಸುಮಾರು 54 ಪೌಂಡ್ ಜಾಸ್ತಿ ತಗೊಂಡಿದ್ದಾರೆ. ಅದು ಕಾನೂನು ಒಪ್ಪದ ವಸೂಲಿ. ಮೊತ್ತ ಚಿಕ್ಕದು, ಆದರೆ ಪತ್ರದಲ್ಲಿ ಲೆಕ್ಕದ ಸಮೇತ ಬರೆಯಿರಿ. ಇಂಥದಕ್ಕೆ ಕೌನ್ಸಿಲ್‌ನಲ್ಲಿ (ಊರಿನ ನಗರಸಭೆ) ವ್ಯಾಪಾರದ ನಿಯಮ ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ನವರು ದಂಡ ಹಾಕಬಹುದು ಅನ್ನುವುದು ಏಜೆನ್ಸಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ಆ 780 ಪೌಂಡಿನ ಕಥೆ. ಇಲ್ಲಿ ಗೆಲ್ಲುವುದೂ ಸೋಲುವುದೂ ಎರಡು ಕಾಗದಗಳ ಮೇಲೆ: ಮನೆಗೆ ಬಂದಾಗ ಅದು ಹೇಗಿತ್ತು ಅಂತ ಬರೆದ ಚೆಕ್-ಇನ್ ಇನ್ವೆಂಟರಿ, ಬಿಟ್ಟಾಗ ಹೇಗಿತ್ತು ಅಂತ ಬರೆದ ಚೆಕ್-ಔಟ್ ರಿಪೋರ್ಟ್. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೋಣೆ ಕೋಣೆಯಾಗಿ ಓದಿ.

ರೆಡಿಂಗಿನಲ್ಲಿ ನಾನು ಬಿಟ್ಟ ಮನೆಯ ಏಜೆನ್ಸಿ ಹಾಲಿನ ನಾಲ್ಕೂ ಗೋಡೆಗೆ ಪೇಂಟ್ ಹೊಡೆಸುವ ಖರ್ಚು ಕೇಳಿತ್ತು. ದೇವರ ಶೆಲ್ಫಿನ ಹಿಂದೆ ದೀಪದ ಹೊಗೆ ಹತ್ತಿ ಅಂಗೈ ಅಗಲದ ಕಂದು ಗುರುತಾಗಿತ್ತು, ಅದು ನಿಜ. ಆದರೆ ಅವರದೇ ಚೆಕ್-ಇನ್ ರಿಪೋರ್ಟಿನಲ್ಲಿ ಹಾಲಿನ ಗೋಡೆಗಳ ಸಾಲಿನಲ್ಲಿ ಅಲ್ಲಲ್ಲಿ ಗೀರು, ಕಲೆ, ಹಳೆ ಮೊಳೆ ತೂತು ಇವೆ ಅಂತ ಬರೆದಿತ್ತು. ಕಿಟಕಿ ಪಕ್ಕದ ಫೋಟೋದಲ್ಲಿ ಬಣ್ಣ ಸಿಪ್ಪೆ ಎದ್ದದ್ದೂ ಕಾಣುತ್ತಿತ್ತು. ಕೊನೆಯ ಪೇಂಟ್ ಯಾವಾಗ ಆಯಿತು ಅಂತ ಇಮೇಲಿನಲ್ಲಿ ಕೇಳಿದೆ. ಉತ್ತರವೇ ಬರಲಿಲ್ಲ. ಇಂಥ ಜಗಳ ತೀರಿಸುವ ಸ್ಕೀಮಿನ ತೀರ್ಪುಗಾರರು ಹೊಗೆ ಹತ್ತಿದ ಒಂದು ಗೋಡೆಗೆ ಸಣ್ಣ ಮೊತ್ತ ಕೊಡಿಸಿ, ಮಿಕ್ಕ ಮೂರು ಗೋಡೆಯ ಬೇಡಿಕೆ ತಳ್ಳಿಹಾಕಿದರು. ಆ ಸಣ್ಣ ಮೊತ್ತ ನ್ಯಾಯವೇ ಆಗಿತ್ತು, ಕೊಡುವುದಕ್ಕೆ ನನಗೆ ಬೇಜಾರಿರಲಿಲ್ಲ.

ಪೇಂಟಿಗೂ ಕಾರ್ಪೆಟ್ಟಿಗೂ ತೀರ್ಪುಗಾರರು ನೋಡುವ ರೀತಿ ಒಂದೇ. ವಾಸ ಮಾಡಿದರೆ ಆಗುವ ಸವೆತಕ್ಕೆ ಬಾಡಿಗೆದಾರ ದುಡ್ಡು ಕೊಡಬೇಕಿಲ್ಲ. ಸೋಫಾದ ಕಾಲು ಒತ್ತಿ ಕಾರ್ಪೆಟ್ ತಗ್ಗಾಗುವುದು, ಬಾಗಿಲ ಹತ್ತಿರ ಬಣ್ಣ ಮಾಸುವುದು ಸವೆತ. ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟದ್ದು ಹಾನಿ. ಹಾನಿಯೇ ಆಗಿದ್ದರೂ ಹಳೆಯದಕ್ಕೆ ಹೊಸದರ ಬೆಲೆ ಕೇಳುವಂತಿಲ್ಲ. ಕಾರ್ಪೆಟ್ ಹಾಕಿಸುವಾಗ 400 ಪೌಂಡ್ ಆಗಿತ್ತು, ಎಂಟು ವರ್ಷ ಬಾಳುವಂಥದ್ದು, ಆರು ವರ್ಷ ಆಗಿಹೋಗಿದೆ ಅಂತ ಇಟ್ಟುಕೊಳ್ಳಿ. ಉಳಿದ ಆಯಸ್ಸು ಎರಡು ವರ್ಷ, ಅಂದರೆ ಹೆಚ್ಚೆಂದರೆ 100 ಪೌಂಡ್. ಹಾಗಾಗಿ ಆ 260ಕ್ಕೆ ಕೇಳಬೇಕಾದ್ದು ಮೂರೇ: ಕಾರ್ಪೆಟ್ ಹಾಕಿ ಎಷ್ಟು ವರ್ಷ ಆಯಿತು, ಆಗ ಕೊಂಡ ರಸೀದಿ ಎಲ್ಲಿ, ಈಗಿನ ಕೊಟೇಶನ್ ಎಲ್ಲಿ.

ಕ್ಲೀನಿಂಗ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಏಜೆನ್ಸಿಗಳು ಜಾಸ್ತಿ ಗೆಲ್ಲುವುದು ಇಲ್ಲೇ. ತಮ್ಮ ಕಡೆಯವರಿಂದಲೇ, ಅಥವಾ ದುಡ್ಡು ಕೊಟ್ಟು ಕಂಪನಿಯವರಿಂದಲೇ ಕ್ಲೀನ್ ಮಾಡಿಸಬೇಕು ಅಂತ ಅವರು ಕಡ್ಡಾಯ ಮಾಡುವಂತಿಲ್ಲ. ನೀವೇ ತಿಕ್ಕಿ ತೊಳೆದರೂ ಸಾಕು. ಆದರೆ ಬಂದಾಗ ಎಷ್ಟು ಚೊಕ್ಕಟವಾಗಿತ್ತೋ ಅಷ್ಟೇ ಚೊಕ್ಕಟವಾಗಿ ಬಿಡಬೇಕು. ನಮ್ಮ ಅಡುಗೆಯಲ್ಲಿ ಅವರ ಕಣ್ಣು ಹೋಗುವ ಜಾಗ ಗೊತ್ತೇ ಇದೆ: ಒಲೆ ಮೇಲಿನ ಎಕ್ಸ್‌ಟ್ರಾಕ್ಟರ್ ಫಿಲ್ಟರಿನ ಎಣ್ಣೆ ಜಿಡ್ಡು, ಓವನ್ನು, ಬಿಳಿ ಕಟ್ಟೆಯ ಮೇಲೆ ಅರಿಶಿನದ ಕಲೆ. ನಿಮ್ಮ ಚೆಕ್-ಔಟ್ ಫೋಟೋದಲ್ಲಿ ಓವನ್ ನಿಜಕ್ಕೂ ಜಿಡ್ಡಾಗಿ ಕಂಡರೆ ಅದಕ್ಕೊಂದು ನ್ಯಾಯವಾದ ಮೊತ್ತ ಒಪ್ಪಿಕೊಳ್ಳಿ. ಇನ್‌ವಾಯ್ಸಿನಲ್ಲಿ ಇಡೀ ಮನೆಯ ಕ್ಲೀನಿಂಗ್ 240 ಅಂತ ಒಟ್ಟಾಗಿ ಬರೆದಿದ್ದರೆ ಕೋಣೆವಾರು ಲೆಕ್ಕ ಕೇಳಿ. ಬರೀ "ಮಸಾಲೆ ವಾಸನೆ" ಅಂತ ಬರೆದದ್ದಕ್ಕೆ ಹೆದರಬೇಡಿ. ವಾಸನೆ ಫೋಟೋದಲ್ಲಿ ಬರುವುದಿಲ್ಲ. ಅಡುಗೆ ಮಾಡಿ ಉಂಡದ್ದಕ್ಕೆ ನಾಚಿಕೆ ಪಡುವಂಥದ್ದೂ ಏನಿಲ್ಲ.

ಫೋನ್ ಮಾಡುವುದನ್ನು ಇವತ್ತಿಗೇ ನಿಲ್ಲಿಸಿ. ಫೋನಿನಲ್ಲಿ ಅವರು ಹೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ಒಂದು ಇಮೇಲ್ ಬರೆಯಿರಿ, ಚಿಕ್ಕದಾಗಿ, ಮರ್ಯಾದೆಯಿಂದ. ಅದರಲ್ಲಿ ತಕರಾರಿಲ್ಲದ 370 ಪೌಂಡನ್ನು ಕೂಡಲೇ ಕೊಡಿ ಅಂತ ಕೇಳಿ. 780ಕ್ಕೆ ನನ್ನ ಒಪ್ಪಿಗೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ. ಪ್ರತಿಯೊಂದು ಬಾಬಿಗೂ ಚೆಕ್-ಇನ್ ಪುಟ, ಚೆಕ್-ಔಟ್ ಪುಟ, ತಾರೀಖಿರುವ ಫೋಟೋ, ರಸೀದಿ ಕೇಳಿ. ಹತ್ತು ದಿನದೊಳಗೆ ಬರದಿದ್ದರೆ ಸ್ಕೀಮಿನ ತಕರಾರು ವಿಭಾಗಕ್ಕೆ ಹೋಗುತ್ತೇನೆ ಅಂತ ತಿಳಿಸಿ. 370 ತಗೊಂಡರೆ ಪೂರ್ತಿ ಲೆಕ್ಕ ಚುಕ್ತಾ ಆದ ಹಾಗೆ ಅಂತ ಅವರು ಏನಾದರೂ ಸಹಿ ಕೇಳಿದರೆ ಹಾಕಲೇಬೇಡಿ.

ಹೇಳಿದ ಮೇಲೆ ಹೋಗಿಯೇ ಬಿಡಿ. ಸ್ಕೀಮಿನ ವಿಚಾರಣೆಗೆ ಬಾಡಿಗೆದಾರರಿಗೆ ಫೀಸ್ ಇಲ್ಲ, ವಕೀಲರೂ ಬೇಡ, ಹಾಜರಾಗುವುದೂ ಇಲ್ಲ. ಎರಡೂ ಕಡೆಯ ಕಾಗದ ನೋಡಿ ತೀರ್ಪು ಕೊಡುತ್ತಾರೆ. ಎಲ್ಲಾ ಸಾಕ್ಷಿ ಸೇರಿದ ಮೇಲೆ ಸುಮಾರು 28 ದಿನ ಹಿಡಿಯುತ್ತದೆ. ಬಾಡಿಗೆ ಮುಗಿದು ಮೂರು ತಿಂಗಳಾಗುವ ಮೊದಲೇ ತಕರಾರು ಹಾಕಿ, ತಡ ಮಾಡಿದರೆ ಕೈತಪ್ಪಬಹುದು. ಸಾಕ್ಷಿಗಳನ್ನು ಒಂದೇ ಸಲಕ್ಕೆ ಪೂರ್ತಿ ಹಾಕಿ. ಆಮೇಲೆ ಸೇರಿಸುತ್ತೇನೆ ಅಂದರೆ ನಡೆಯುವುದಿಲ್ಲ, ತೀರ್ಪು ಬಂದ ಮೇಲೆ ಅಲ್ಲಿ ಅಪೀಲೂ ಇಲ್ಲ. ಪ್ರತಿ ಫೋಟೋಗೆ ಯಾವ ಕೋಣೆ, ಯಾವ ದಿನ ಅಂತ ಒಂದು ಸಾಲು ಬರೆಯಿರಿ. ನೂರಾರು ಪುಟ ಸುರಿದರೆ ಓದುವವರಿಗೆ ನಿಮ್ಮ ಮಾತೇ ಸಿಗುವುದಿಲ್ಲ.

ದುಡ್ಡು ಏಜೆನ್ಸಿಯ ಕೈಯಲ್ಲೇ ಇದೆ, ಆಮೇಲೆ ಕೊಡದಿದ್ದರೆ ಅಂತ ಭಯ ಬೇಡ. ಸ್ಕೀಮುಗಳಲ್ಲಿ ಎರಡು ಬಗೆ. ಒಂದರಲ್ಲಿ ದುಡ್ಡನ್ನು ಸ್ಕೀಮಿನವರೇ ಇಟ್ಟುಕೊಂಡಿರುತ್ತಾರೆ. ಇನ್ನೊಂದರಲ್ಲಿ ಏಜೆನ್ಸಿ ಇಟ್ಟುಕೊಂಡು ಅದಕ್ಕೆ ಇನ್ಶೂರೆನ್ಸ್ ಕಟ್ಟಿರುತ್ತದೆ. ಈ ಎರಡನೆಯದರಲ್ಲಿ ತಕರಾರು ಹಾಕಿದ ಕೂಡಲೇ ಆ ಮೊತ್ತವನ್ನು ಏಜೆನ್ಸಿ ಸ್ಕೀಮಿಗೆ ಒಪ್ಪಿಸಬೇಕಾಗುತ್ತದೆ.

ಏಜೆನ್ಸಿಯ ನಡವಳಿಕೆಯ ಬಗ್ಗೆ, ಅಂದರೆ ಇಮೇಲಿಗೆ ಉತ್ತರ ಕೊಡದಿರುವುದು, ಸುಳ್ಳು ಹೇಳಿದ್ದು, ಇಂಥದಕ್ಕೆ ಬೇರೆ ಬಾಗಿಲು ಇದೆ. 2014ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಲೆಟಿಂಗ್ ಏಜೆಂಟರು ಒಂದು ದೂರು ಪರಿಹಾರ ಸಂಸ್ಥೆಯ ಸದಸ್ಯರಾಗಿರಲೇಬೇಕು. ದಿ ಪ್ರಾಪರ್ಟಿ ಓಂಬುಡ್ಸ್‌ಮನ್ ಒಂದು, ಪ್ರಾಪರ್ಟಿ ರಿಡ್ರೆಸ್ ಇನ್ನೊಂದು. ಮೊದಲು ಏಜೆನ್ಸಿಗೇ ದೂರು ಅಂತ ಬರೆದು ಕೊಡಿ. ಎಂಟು ವಾರದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಅಲ್ಲಿಗೆ ಹೋಗಬಹುದು. ಡೆಪಾಸಿಟ್ ಮೊತ್ತದ ಜಗಳಕ್ಕೆ ಮಾತ್ರ ಸ್ಕೀಮೇ ಸರಿಯಾದ ಜಾಗ.

ಹೊರಡುವ ಮುಂಚೆ ಇಲ್ಲಿನ ಬ್ಯಾಂಕ್ ಅಕೌಂಟ್ ಮುಚ್ಚಬೇಡಿ, ದುಡ್ಡು ಅದಕ್ಕೇ ಬರಲಿ. ಸ್ಕೀಮಿನಲ್ಲಿ ಯೂನಿವರ್ಸಿಟಿ ಅಥವಾ ಆಫೀಸಿನ ಇಮೇಲ್ ಕೊಟ್ಟಿದ್ದರೆ ಈಗಲೇ ಸ್ವಂತದ್ದಕ್ಕೆ ಬದಲಾಯಿಸಿ. ಇಲ್ಲಿನ ಫೋನ್ ನಂಬರಿಗೆ ಓಟಿಪಿ ಬರುವಂತಿದ್ದರೆ ಆ ಸಿಮ್ ಕೂಡ ಜೀವಂತ ಇರಲಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಮಾಲೀಕರು ಇರುವ ಮನೆಯಲ್ಲೇ ಒಂದು ರೂಮು ಬಾಡಿಗೆಗೆ ತಗೊಂಡವರಿಗೆ ಈ ನೋಂದಣಿ ಕಾನೂನು ಅನ್ವಯಿಸುವುದಿಲ್ಲ, ಅವರ ದಾರಿ ಸ್ಮಾಲ್ ಕ್ಲೇಮ್. ಸ್ಕಾಟ್ಲೆಂಡಿನಲ್ಲಿ ಸ್ಕೀಮುಗಳೂ ಬೇರೆ, ಗಡುವೂ ಬೇರೆ. ಅಲ್ಲಿ ನೋಂದಣಿ ಆಗದಿದ್ದರೆ ಬಾಡಿಗೆ ಮುಗಿದ ಮೂರು ತಿಂಗಳೊಳಗೆ ಬಾಡಿಗೆ ಜಗಳ ವಿಚಾರಿಸುವ ಫಸ್ಟ್-ಟಿಯರ್ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಬೇಕು. ಎಡಿನ್‌ಬರಾ, ಗ್ಲಾಸ್ಗೋದಲ್ಲಿ ಇರುವವರು ಮೇಲೆ ನಾನು ಹೇಳಿದ ಲೆಕ್ಕ ನೋಡಿ ಕಾಯುತ್ತಾ ಕೂರಬೇಡಿ.

ನಿಮ್ಮ ಚೆಕ್-ಇನ್ ಮತ್ತು ಚೆಕ್-ಔಟ್ ರಿಪೋರ್ಟಿನಲ್ಲಿ ಗೋಡೆ ಮತ್ತು ಕಾರ್ಪೆಟ್ ಬಗ್ಗೆ ಇರುವ ಸಾಲುಗಳನ್ನು, ಹೆಸರು ವಿಳಾಸ ಮುಚ್ಚಿ, ಇಲ್ಲೇ ಕೆಳಗೆ ಹಾಕಿ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬಾರದು ಅಂತ ನೋಡಿ ಹೇಳುತ್ತೇನೆ.