ಮಗು ಯಾವ ಮಾಧ್ಯಮದಲ್ಲಿ ಓದಬೇಕು ಅಂತ ತೀರ್ಮಾನಿಸುವವರು ಯಾರು? ಹೆತ್ತವರೋ, ಸರ್ಕಾರದ ತಜ್ಞರೋ?

ಕಾನೂನಿನ ಪ್ರಕಾರ ಹೆತ್ತವರೇ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ನಡೆಯಬೇಕು ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಸ್ವಾರಸ್ಯವಾಗಿದೆ. ಚಿಕ್ಕ ಮಕ್ಕಳು ಮಾತೃಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂಬ ತಜ್ಞರ ಮಾತನ್ನು ಒಪ್ಪಬಹುದು, ಆದರೆ ಅದನ್ನು ಹೇರುವಂತಿಲ್ಲ. ಮಗುವಿನ ಮಾತೃಭಾಷೆ ಯಾವುದು ಎಂದು ಹೇಳುವ ಹಕ್ಕೂ ಹೆತ್ತವರದೇ!

ಹಾಗಂತ ಎಲ್ಲವೂ ಅವರಿಷ್ಟವಲ್ಲ. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎನ್ನುವ 2015ರ ಕಾಯ್ದೆ ಇದೆ.

ನನಗೆ ತಜ್ಞರ ಮಾತೇ ಸರಿ ಅನಿಸುತ್ತದೆ. ಆದರೆ ಬೆಳಿಗ್ಗೆ ಮಗುವನ್ನು ಕಾನ್ವೆಂಟ್ ವ್ಯಾನು ಹತ್ತಿಸುವ ಅಪ್ಪನಿಗೆ ಸುಮ್ನೆ ಬುದ್ಧಿ ಹೇಳಿದರೆ ಕೇಳುತ್ತಾನಾ? 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತಲ್ವಾ!